ಬೆನ್ನಿನ ಬೇನೆ, ಕಣ್ಣಿನ ಕೆಂಪು

ನಮ್ಮ ಸವಡಿಯ ಕಡೆ ಕಣ್ಣು ಕೆಂಪಾದರೆ ‘ಕಣ್ಣು ಬಂದಾವ’ ಎನ್ನುತ್ತಾರೆ. ಇರುವ ಕಣ್ಣು ಮತ್ತೆ ಬರುವುದೆಂತು ಎಂಬ ಕುತೂಹಲ ಕನ್ನಡ ಪಾಠ ಹೇಳಿದ ನನಗೆ ಇದ್ದರೂ ಆ ಚರ್ಚೆ ಇಲ್ಲಿ ಬೇಡ. ೨೦೨೩ರ ಮಳೆಗಾಲದಲ್ಲಿ ನಾಡಿನ ತುಂಬ ಹಬ್ಬಿದ ‘ಮದ್ರಾಸ್ ಐ’ ಆ ಬಗೆಯದು: ಒಬ್ಬರಿಂದೊಬ್ಬರಿಗೆ ಅಂಟುವುದು, ಗೀಜು ಕಟ್ಟುವುದು, ಬಹುಮಟ್ಟಿಗೆ ತಾನಾಗಿಯೇ ಹೋಗುವುದು. ಆದರೆ ಕೆಂಪಾದ ಕಣ್ಣೆಲ್ಲವೂ ಹೀಗೆ ‘ಬಂದ’ ಕಣ್ಣಲ್ಲ. ಬೆನ್ನೆಲುಬಿನ ಉರಿಯೂತವುಳ್ಳವರು ಇದನ್ನು ಮುಖ್ಯವಾಗಿ ಅರಿತಿರಬೇಕು.

ನಾನು ಹೇಳುವ ಬೆನ್ನುಬೇನೆ ಹೊಲದ ದುಡಿತದಿಂದ ಬಂದುದಲ್ಲ. ಹರೆಯದಲ್ಲೇ ತೊಡಗಿ, ಬೆಳಗಿನ ಜಾವ ಸೊಂಟವನ್ನು ಮರಗಟ್ಟಿಸಿ, ಮಲಗಿದರೆ ಹೆಚ್ಚಿ, ನಡೆದಾಡಿದರೆ ಸಡಿಲುವುದು ಅದರ ಲಕ್ಷಣ. ವೈದ್ಯರು ಅದನ್ನು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುತ್ತಾರೆ. ೧೯೭೩ರಲ್ಲಿ ಲಂಡನ್ನಿನ ಬ್ರೂವರ್ಟನ್ ಮತ್ತು ಸಂಗಡಿಗರು ಈ ರೋಗಿಗಳಲ್ಲಿ ಬಹುತೇಕರಿಗೆ ಎಚ್‌ಎಲ್‌ಎ-ಬಿ೨೭ ಎಂಬ ಆನುವಂಶಿಕ ಗುರುತಿರುವುದನ್ನು ಕಂಡರು. ಕಣ್ಣಿನ ಒಂದು ಉರಿಯೂತದಲ್ಲಿಯೂ ಅದೇ ಗುರುತು ಸಿಕ್ಕಿತು. ಅದರ ಹೆಸರು ಯುವಿಯೈಟಿಸ್. ಲ್ಯಾಟಿನ್ನಿನಲ್ಲಿ ಯೂವಾ ಎಂದರೆ ದ್ರಾಕ್ಷಿ. ಕಣ್ಣಿನೊಳಗಿನ ಆ ಪದರ ಹಿಂದಿನವರಿಗೆ ದ್ರಾಕ್ಷಿಯಂತೆ ಕಂಡಿತ್ತು. ಈ ಬೆನ್ನುಬೇನೆಯವರಲ್ಲಿ ನಾಲ್ವರಿಗೊಬ್ಬರಿಗಾದರೂ ಎಂದಾದರೊಮ್ಮೆ ಇದು ತಗಲುತ್ತದೆ.

ಸಾಮಾನ್ಯವಾಗಿ ಒಂದೇ ಕಣ್ಣು ಕೆಂಪಾಗುತ್ತದೆ. ಗೀಜು ಇರುವುದಿಲ್ಲ. ಆಳದ ನೋವು, ಬೆಳಕನ್ನು ಸಹಿಸಲಾಗದ ಸ್ಥಿತಿ, ಮಬ್ಬು ನೋಟ. ಹರಳೆಣ್ಣೆ, ಎದೆಹಾಲು, ಅಂಗಡಿಯ ಹನಿ ಎಂದು ದಿನ ಕಳೆದರೆ ಪಾಪೆಯ ಸುತ್ತಲಿನ ಬಣ್ಣದ ಪರದೆ ಹಿಂದಿನ ಮಸೂರಕ್ಕೆ ಅಂಟಿಕೊಂಡು, ಕಣ್ಣಿನ ಒತ್ತಡವೇರಿ, ದೃಷ್ಟಿಯೇ ಹೋಗಬಹುದು. ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋದರೆ ಸ್ಟಿರಾಯ್ಡ್ ಹನಿ ಹಾಗೂ ಪಾಪೆ ಹಿಗ್ಗಿಸುವ ಹನಿಗಳಿಂದ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಕಳೆದ ಸಲದ ಉಳಿದ ಸ್ಟಿರಾಯ್ಡ್ ಹನಿಯನ್ನು ತಾವೇ ಹಾಕಿಕೊಳ್ಳುವುದು ಮಾತ್ರ ಅಪಾಯ. ಅದರಿಂದಲೂ ಕಣ್ಣಿನ ಒತ್ತಡ ಏರುತ್ತದೆ, ಪೊರೆ ಬೆಳೆಯುತ್ತದೆ.

‘ಬೆನ್ನಿಗೆ ದುಬಾರಿ ಚುಚ್ಚುಮದ್ದು ನಡೆದಿದೆಯಲ್ಲ, ಕಣ್ಣಿಗೇಕೆ ಬಂತು?’ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಆ ಮದ್ದುಗಳೆಲ್ಲ ಒಂದೇ ಅಲ್ಲ. ಅಡಾಲಿಮುಮಾಬ್, ಇನ್‌ಫ್ಲಿಕ್ಸಿಮಾಬ್‌ಗಳು ಕಣ್ಣಿನ ಉರಿಯೂತ ಮರುಕಳಿಸುವುದನ್ನೂ ತಗ್ಗಿಸುತ್ತವೆ. ಎಟನರ್ಸೆಪ್ಟ್ ಬೆನ್ನಿಗೆ ಹಿತವಾದರೂ ಕಣ್ಣಿನ ಮಟ್ಟಿಗೆ ಅಷ್ಟು ಬಲವುಳ್ಳದ್ದಲ್ಲ. ಕಣ್ಣು ಮತ್ತೆ ಮತ್ತೆ ಕೆಂಪಾದರೆ ಕೀಲುರೋಗದ ವೈದ್ಯರಿಗೆ ತಿಳಿಸಬೇಕು. ಮದ್ದು ಬದಲಿಸುವುದು ಅವರ ಕೆಲಸ, ತಾವಾಗಿ ನಿಲ್ಲಿಸಬಾರದು. ಹಾಗೆಯೇ ರೋಣಕ್ಕೋ ಗದಗಿಗೋ ಹುಬ್ಬಳ್ಳಿಗೋ ಕಣ್ಣು ತೋರಿಸಲು ಹೊರಟಾಗ ಬೆನ್ನಿನ ಔಷಧದ ಚೀಟಿಯೂ ಚೀಲದಲ್ಲಿರಲಿ.