ಮುಳುಗಿದ್ದನ್ನು ಸದ್ದಿನಿಂದ ಹುಡುಕೋಣ

ಮೆಟ್ಟೂರು ಅಣೆಕಟ್ಟಿನ ನೀರು ಚೆನ್ನಾಗಿ ಇಳಿದಾಗ ಪಣ್ಣವಾಡಿ ಹತ್ತಿರ ಹಳೆಯ ನಂದಿ ಹೊರಗೆ ಕಾಣುತ್ತದೆ. 1934ರಲ್ಲಿ ಅಣೆಕಟ್ಟು ಮುಗಿದು ಮುಳುಗಿದ ಊರುಗಳ ಗುರುತು ಅದು. ನೀರು ತುಂಬಿದರೆ ಅಷ್ಟು ದೊಡ್ಡ ನಂದಿಯೇ ಎಲ್ಲಿದೆ ಅಂತ ದಡದಲ್ಲಿ ನಿಂತವರಿಗೆ ತಿಳಿಯೋದಿಲ್ಲ. ಹಾಗಾದರೆ ವಿಜ್ಞಾನ ಪ್ರದರ್ಶನಕ್ಕಾಗಿ ನೀವು ಪಿವಿಸಿ ಪೈಪಿನಲ್ಲಿ ಮಾಡಿದ ಮೊಳದುದ್ದದ ಜಲಾಂತರ್ಗಾಮಿ ಕೆರೆಯ ತಳ ಸೇರಿದರೆ ಹುಡುಕೋದು ಹೇಗೆ?

ಒಳಗೆ ಒಂದು ಮೊಬೈಲ್ ಇಟ್ಟರಾಯ್ತಲ್ವಾ ಅಂತೀರಾ? ಆಗಲ್ಲ. ಮೊಬೈಲ್, ಜಿಪಿಎಸ್ ಬಳಸುವ ರೇಡಿಯೋ ಅಲೆಗಳನ್ನು ನೀರು ಬೇಗನೆ ಹೀರಿಬಿಡುತ್ತದೆ. ಕದಡಿದ ನೀರಲ್ಲಿ ಬೆಳಕೂ ದೂರ ಹೋಗದು. ಶಬ್ದ ಮಾತ್ರ ಸರಾಗವಾಗಿ ಹೋಗುತ್ತದೆ. 1826ರಲ್ಲಿ ಕೊಲ್ಲಾಡೋನ್ ಮತ್ತು ಸ್ಟರ್ಮ್ ಜಿನೀವಾ ಸರೋವರದಲ್ಲಿ ಇದನ್ನು ಅಳೆದರು. ಒಂದು ದೋಣಿಯಿಂದ ನೀರೊಳಗೆ ಗಂಟೆ ಬಾರಿಸಿ, ಅದೇ ಕ್ಷಣ ಮೇಲೆ ಮದ್ದು ಹೊತ್ತಿಸಿದರು. 13 ಕಿ.ಮೀ.ಗೂ ಆಚೆ ಇದ್ದವರು ಬೆಳಕು ಕಂಡ ಮೇಲೆ ಸದ್ದು ಬರಲು ಎಷ್ಟು ಹೊತ್ತಾಯಿತು ಅಂತ ನೋಡಿದರು. ಬಂದ ಉತ್ತರ ಸೆಕೆಂಡಿಗೆ 1435 ಮೀಟರ್. ಗಾಳಿಯಲ್ಲಿರುವ ವೇಗದ ನಾಲ್ಕು ಪಟ್ಟಿಗೂ ಹೆಚ್ಚು.

1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನ ಐರ್ಲೆಂಡ್ ಹತ್ತಿರ ಸಮುದ್ರಕ್ಕೆ ಬಿತ್ತು. 329 ಜನ ಸತ್ತರು. ಏನಾಯಿತೆಂದು ತಿಳಿಯಲು ಬೇಕಾದ ಎರಡು ದಾಖಲೆ ಪೆಟ್ಟಿಗೆಗಳು ಸುಮಾರು 2000 ಮೀಟರ್ ಆಳದಲ್ಲಿದ್ದವು. ಅವುಗಳಲ್ಲಿದ್ದ ಸಣ್ಣ ಸಾಧನ ನೀರು ತಾಗಿದೊಡನೆ ಟಿಕ್ ಟಿಕ್ ಅಂತ ಕೂಗತೊಡಗುತ್ತದೆ. ಆ ಕೂಗನ್ನೇ ಹಿಂಬಾಲಿಸಿ ಜುಲೈ 10, 11ರಂದು ಅವುಗಳನ್ನು ಮೇಲೆತ್ತಿದರು.

ಇದಕ್ಕೆ ಪಿಂಗರ್ ಅನ್ನುತ್ತಾರೆ. ನಾವು ಕೂಗುಪೆಟ್ಟಿಗೆ ಅನ್ನೋಣ. ಹಾಡುವ ಗ್ರೀಟಿಂಗ್ ಕಾರ್ಡಿನೊಳಗೆ ತೆಳ್ಳಗಿನ ಹಿತ್ತಾಳೆ ಬಿಲ್ಲೆ ಇರುತ್ತದಲ್ಲ, ಅದು ಪೀಜೋ. ವಿದ್ಯುತ್ ಕೊಟ್ಟರೆ ನಡುಗುತ್ತದೆ. ನಡುಗಿಸಿದರೆ ವಿದ್ಯುತ್ ಕೊಡುತ್ತದೆ. ಆದ್ದರಿಂದ ಕೂಗಲು ಒಂದು, ಕೇಳಲು ಒಂದು, ಎರಡೇ ಬಿಲ್ಲೆ ಸಾಕು. ಕೂಗುವ ಬಿಲ್ಲೆಯನ್ನು 555 ಐಸಿಯಿಂದ ಸುಮಾರು 3000 ಹರ್ಟ್ಸ್‌ನಲ್ಲಿ ನಡುಗಿಸಿ. ಇನ್ನೊಂದು 555 ಅದನ್ನು ಸೆಕೆಂಡಿಗೊಮ್ಮೆ ಮಾತ್ರ ಆನ್ ಮಾಡಲಿ. ಬ್ಯಾಟರಿ ಉಳಿಯುತ್ತದೆ, ದೂರದ ಪಂಪ್‌ಸೆಟ್ ಸದ್ದಿನಲ್ಲೂ ಬಿಟ್ಟು ಬಿಟ್ಟು ಬರುವ ಕೂಗು ಗುರುತು ಸಿಗುತ್ತದೆ. ಬ್ಯಾಟರಿ ಪ್ರತ್ಯೇಕವಾಗಿರಲಿ. ಮೋಟಾರಿನ ಬ್ಯಾಟರಿ ಸತ್ತಾಗಲೇ ಅಲ್ಲವೇ ಕೂಗು ಬೇಕಾಗೋದು!

ಹೆಚ್ಚಿನ ಪ್ರಯೋಗಗಳು ಕೈಕೊಡೋದು ಇಲ್ಲಿ: ಬಿಲ್ಲೆಯನ್ನು ಡಬ್ಬಿಯೊಳಗೆ ಸುಮ್ಮನೆ ನೇತುಹಾಕಬೇಡಿ. ಗಾಳಿಯಿಂದ ನೀರಿಗೆ ದಾಟುವಾಗ ಶಬ್ದದ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಹೋಗುತ್ತದೆ, ಮಿಕ್ಕದ್ದೆಲ್ಲ ವಾಪಸ್. ಬಾವಿಯಲ್ಲಿ ಮುಳುಗಿದವರಿಗೆ ಮೇಲಿನವರ ಮಾತು ಕೇಳದೆ, ನೀರೊಳಗೆ ಕುಟ್ಟಿದ ಎರಡು ಕಲ್ಲಿನ ಸದ್ದು ಜೋರಾಗಿ ಕೇಳೋದು ಇದಕ್ಕೇ. ಬಿಲ್ಲೆಯನ್ನು ಡಬ್ಬಿಯ ಗೋಡೆಗೆ ಒಳಗಿನಿಂದ ಗಟ್ಟಿಯಾಗಿ ಅಂಟಿಸಿ, ಡಬ್ಬಿಯನ್ನು ಜಲಾಂತರ್ಗಾಮಿಯ ಹೊರಮೈಗೆ ಕಟ್ಟಿ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಏರುವುದರಿಂದ ಮುಚ್ಚಳಕ್ಕೆ ಅರಾಲ್ಡೈಟ್ ಬಳಿಯಿರಿ. ಕೇಳುವ ಬಿಲ್ಲೆಗೂ, ಅದರ ಬೆಸುಗೆಗೂ ಅದನ್ನೇ ಪೂರ್ತಿ ಬಳಿದು ಮೈಕ್ ವಯರ್ ಜೋಡಿಸಿ, ಎಲ್‌ಎಂ386 ಆಂಪ್ಲಿಫೈಯರ್ ಮೂಲಕ ಹೆಡ್‌ಫೋನಿನಲ್ಲಿ ಕೇಳಿ.

ಸದ್ದು ಬಂತು, ಆದರೆ ಯಾವ ದಿಕ್ಕಿನಿಂದ? ಕೇಳುವ ಬಿಲ್ಲೆಯ ಒಂದು ಬದಿಗೆ ಥರ್ಮೋಕೋಲ್ ಅಡ್ಡ ಹಿಡಿಯೋಣ ಅನ್ನಿಸಬಹುದು. 3000 ಹರ್ಟ್ಸ್‌ಗೆ ನೀರಲ್ಲಿ ಅಲೆಯುದ್ದ 1500 ÷ 3000, ಅಂದ್ರೆ ಅರ್ಧ ಮೀಟರ್. ಅಂಗೈಯಗಲದ ಅಡ್ಡವನ್ನು ಅದು ಬಳಸಿಕೊಂಡು ಬಂದುಬಿಡುತ್ತದೆ. ವಿಮಾನದ ಪಿಂಗರ್ 37,500 ಹರ್ಟ್ಸ್‌ನಲ್ಲಿ ಕೂಗುತ್ತದೆ, ಅಲೆಯುದ್ದ 4 ಸೆಂ.ಮೀ. ಅಷ್ಟೇ, ದಿಕ್ಕು ಹಿಡಿಯೋದು ಸುಲಭ. ಆದರೆ ಅದು ನಮ್ಮ ಕಿವಿಗೆ ಕೇಳದು, ಬೇರೆ ಯಂತ್ರ ಬೇಕು. ನಾವು ಜೋರನ್ನೇ ನಂಬಬೇಕು: ದಡದ ನಾಲ್ಕೈದು ಕಡೆ ಒಂದೇ ಆಳಕ್ಕೆ ಬಿಲ್ಲೆ ಇಳಿಸಿ, ಆಂಪ್ಲಿಫೈಯರ್ ತಿರುಗಣೆ ಮುಟ್ಟದೆ ಕೇಳಿ, ಎಲ್ಲಿ ಜೋರು ಅಂತ ನಕ್ಷೆಯಲ್ಲಿ ಗುರುತಿಸಿ. ಸಿಮೆಂಟ್ ತೊಟ್ಟಿಯಲ್ಲಿ ಗೋಡೆಯ ಪ್ರತಿಧ್ವನಿ ಮೋಸ ಮಾಡುತ್ತದೆ. ಸಾಧನ ಕೆಲಸ ಮಾಡುತ್ತಾ ಅಂತ ನೋಡಲು ಮಾತ್ರ ಅದು ಸಾಕು.

ಹೊಗೇನಕಲ್ಲಿಗೆ ಒಯ್ಯಬೇಡಿ. ಸೆಳೆತದ ಅಪಾಯವಂತೂ ಇದ್ದೇ ಇದೆ. ಕಲ್ಲಿಂದ ಹೊಗೆಯೇಳುವಂತೆ ನೀರು ಬೀಳುವ ಆ ಜಾಗದ ಗುಳ್ಳೆಗಳು ನಿಮ್ಮ ಕೂಗನ್ನು ನುಂಗಿಹಾಕುತ್ತವೆ. ನಿಂತ ನೀರಿನ ಕೆರೆ ಒಳ್ಳೆಯದು. ಮೇಷ್ಟ್ರು ಜೊತೆಗಿರಲಿ, ಯಾರೂ ನೀರಿಗೆ ಇಳಿಯಬಾರದು. ಮೊದಲ ಸಲ ಬಿಡುವಾಗ ಜಲಾಂತರ್ಗಾಮಿಗೆ ಒಂದು ನೈಲಾನ್ ಹಗ್ಗ ಕಟ್ಟಿ, ತುದಿಯನ್ನು ದಡದ ಮರಕ್ಕೆ ಬಿಗಿಯಿರಿ.