ಸತ್ತವನಿಗೆ ಕಲ್ಲು, ಮನೆಗೆ ಕೊಡಿಗೆ

ಬೆಂಗಳೂರಿನ ಕೊಡಿಗೇಹಳ್ಳಿಯ ಒಳರಸ್ತೆಗಳಲ್ಲಿ ಅಂಗಡಿಯವರು ತೀರಿಕೊಂಡರೆ ಸುದ್ದಿ ಮೊದಲು ತಿಳಿಯುವುದು ಹಾಲು ತರಲು ಹೋದವರಿಗೆ. ಆರು ಗಂಟೆಗೆ ಎದ್ದಿರಬೇಕಾದ ಷಟರ್ ಎದ್ದಿರುವುದಿಲ್ಲ. ಹಾಲಿನ ಕ್ರೇಟುಗಳು ಮೆಟ್ಟಿಲ ಮೇಲೆ ಹಾಗೇ ಕೂತಿರುತ್ತವೆ. ಒಬ್ಬರು ನಿಲ್ಲುತ್ತಾರೆ, ಇನ್ನೊಬ್ಬರು ಬಂದು ಸೇರಿಕೊಳ್ಳುತ್ತಾರೆ, ಪಕ್ಕದ ಹೂವಿನ ಗಾಡಿಯಮ್ಮ ತಲೆ ತಗ್ಗಿಸಿಕೊಂಡೇ ವಿಷಯ ಹೇಳುತ್ತಾಳೆ. ಹತ್ತು ಗಂಟೆಯ ಹೊತ್ತಿಗೆ ಷಟರಿನ ಕೊಂಡಿಗೊಂದು ಹಾರ ಬೀಳುತ್ತದೆ, ಮಧ್ಯಾಹ್ನದೊಳಗೆ ಸರ್ಕಲ್ಲಿನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ಯ ಫ್ಲೆಕ್ಸು ಏಳುತ್ತದೆ. ಇಪ್ಪತ್ತು ವರ್ಷ ‘ಅಂಗಡಿ ಅಣ್ಣ’ ಎಂದು ಕರೆದವರ ನಿಜವಾದ ಹೆಸರು ಎಷ್ಟೋ ಮಂದಿಗೆ ಗೊತ್ತಾಗುವುದೇ ಆ ಫ್ಲೆಕ್ಸ್ ಓದಿದ ಮೇಲೆ. ಹೆಣ ಆ ರಸ್ತೆಯಲ್ಲಿ ಹಾದುಹೋಗುವಾಗ ಸಾಲಿನ ಅಂಗಡಿಗಳವರೆಲ್ಲ ಷಟರನ್ನು ಅರ್ಧಕ್ಕೆ ಎಳೆದು ಹೊರಗೆ ಬಂದು ನಿಲ್ಲುತ್ತಾರೆ. ಇಸ್ತ್ರಿ ಅಂಗಡಿಯವನು ಪೆಟ್ಟಿಗೆಯನ್ನು ಪಕ್ಕಕ್ಕೆತ್ತಿ ಇಡುತ್ತಾನೆ.

ತಿಥಿ ಮುಗಿದ ಮೇಲೆ ಇನ್ನೊಂದು ಕೆಲಸ ನಡೆಯುತ್ತದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಗನೋ ಹೆಂಡತಿಯೋ ಅಂಗಡಿ ತೆರೆದು ಕೂತಾಗ ಜನ ಒಬ್ಬೊಬ್ಬರಾಗಿ ಬಂದು, ‘ನಮ್ಮದು ಒಂಬೈನೂರು ಚಿಲ್ಲರೆ ಇತ್ತು ನೋಡಿ’ ಎಂದು ದುಡ್ಡು ಇಡುತ್ತಾರೆ. ಉದ್ರಿ ಪುಸ್ತಕ ಸತ್ತವರ ಕೈಬರಹದಲ್ಲಿರುತ್ತದೆ. ಹೆಸರುಗಳ ಬದಲು ‘ನೀಲಿ ಗೇಟು’, ‘ಟೀಚರ್ ಮನೆ’, ‘ಮೇಲಿನ ಹುಡುಗರು’ ಎಂದಿರುತ್ತದೆ. ಅದನ್ನು ಓದಿ ವಸೂಲಿಗೆ ಹೊರಡುವುದು ಯಾರಿಂದಲೂ ಸಾಧ್ಯವಿಲ್ಲ. ಕೊಡುವವರೇ ಬಂದು ಕೊಡಬೇಕು. ಎಲ್ಲರೂ ಬರುವುದಿಲ್ಲ, ಬರುವವರೂ ಕಡಿಮೆಯಿಲ್ಲ.

ಇದು ಕಾಯಿಲೆಯಿಂದಲೋ ವಯಸ್ಸಾಗಿಯೋ ಹೋದವರ ಮಾತು. ಅಂಗಡಿ ಬಾಗಿಲಿಗೇ ಸಾವು ಆಯುಧ ಹಿಡಿದು ಬಂದರೆ? 2024ರ ಮಾರ್ಚ್ 14ರಂದು ಇಲ್ಲೇ ದೇವಿನಗರದಲ್ಲಿ ದರೋಡೆಗೆ ಬಂದವರು ಚಿನ್ನಾಭರಣದ ಅಂಗಡಿಯೊಂದಕ್ಕೆ ನುಗ್ಗಿ ಪಿಸ್ತೂಲು ಹಾರಿಸಿದರು. ಮಾಲೀಕರಿಗೂ ಅಂಗಡಿಯಲ್ಲಿದ್ದ ಇನ್ನೊಬ್ಬರಿಗೂ ಗುಂಡು ತಗುಲಿತು. ಆ ವಾರವೆಲ್ಲ ಸಹಕಾರನಗರದಿಂದ ತಿಂಡ್ಲುವರೆಗೆ ಸಣ್ಣ ಅಂಗಡಿಗಳವರ ಬಾಯಲ್ಲಿ ಇದೇ ಮಾತು. ಗಿರಾಕಿ ಒಳಗೆ ಬಂದರೆ ಮೊದಲು ಕೈ ನೋಡಬೇಕೋ ಮುಖ ನೋಡಬೇಕೋ ಎಂಬ ಹೊಸ ಗೊಂದಲ. ಅಂಗಡಿಯ ಕಸುಬೇ ಬಾಗಿಲು ತೆರೆದು ಕೂರುವುದು, ಬಂದವರನ್ನು ‘ಬನ್ನಿ’ ಎನ್ನುವುದು.

ಕರಾವಳಿಗೆ ಈ ಪ್ರಶ್ನೆ ಇನ್ನೂ ಕಠಿಣವಾಗಿ ಬಂತು. 2022ರ ಜುಲೈ 26ರ ರಾತ್ರಿ ಸುಳ್ಯ ತಾಲ್ಲೂಕಿನ ಬೆಳ್ಳಾರೆಯಲ್ಲಿ ಕೋಳಿ ಅಂಗಡಿಯ ಯುವಕರೊಬ್ಬರನ್ನು ಅಂಗಡಿ ಮುಚ್ಚುವ ಹೊತ್ತಿನಲ್ಲಿ ಕಡಿದು ಕೊಂದರು. ಅದೇ ವರ್ಷ ಡಿಸೆಂಬರ್ 24ರಂದು ಸುರತ್ಕಲ್ ಬಳಿಯ ಕಾಟಿಪಳ್ಳದಲ್ಲಿ ಇನ್ನೊಬ್ಬ ಅಂಗಡಿಯವರನ್ನು ಅವರ ಅಂಗಡಿಯಲ್ಲೇ ಇರಿದು ಕೊಂದರು. ಒಬ್ಬರು ಹಿಂದೂ, ಒಬ್ಬರು ಮುಸ್ಲಿಂ. ರಾಜಕೀಯದವರು ಎರಡು ಸಾವುಗಳನ್ನು ಎರಡು ಬಣ್ಣದಲ್ಲಿ ಬರೆದುಕೊಂಡರು. ಅವರ ಅಂಗಡಿಗೆ ದಿನಾ ಹೋಗುತ್ತಿದ್ದವರ ದುಃಖಕ್ಕೆ ಕೂರಲು ಜಾಗವೂ ಉಳಿಯಲಿಲ್ಲ. ನಿಷೇಧಾಜ್ಞೆ ಬಂತು, ಆ ಆಗಸ್ಟಿನಲ್ಲಂತೂ ಜಿಲ್ಲೆಯಲ್ಲಿ ಸಂಜೆ 6 ಗಂಟೆಗೇ ಅಂಗಡಿ ಮುಚ್ಚಬೇಕೆಂಬ ಆದೇಶ ಜಾರಿಯಲ್ಲಿತ್ತು. ಸತ್ತವರಿಗಾಗಿ ತಾವಾಗಿ ಎಳೆಯುವ ಷಟರಿಗೂ ಪೊಲೀಸರಿಗಾಗಿ ಎಳೆಯುವ ಷಟರಿಗೂ ಸದ್ದು ಒಂದೇ.

ಹತ್ಯೆಗೆ ಗುರಿಯಾದವರಿಗಾಗಿ ಊರು ಹೇಗೆ ಅಳಬೇಕು ಎಂಬುದಕ್ಕೆ ಈ ನೆಲದಲ್ಲಿ ಒಂದು ಸಂಸ್ಥೆಯೇ ಇತ್ತು. ಅದರ ಹೆಸರು ವೀರಗಲ್ಲು. ಅದನ್ನು ನೋಡಲು ಹಂಪಿ, ಬಳ್ಳಿಗಾವಿವರೆಗೆ ಹೋಗಬೇಕಿಲ್ಲ. ಕೊಡಿಗೇಹಳ್ಳಿಯಿಂದ ಬಳ್ಳಾರಿ ರಸ್ತೆ ಹಿಡಿದು ಕೆಲವೇ ಕಿಲೋಮೀಟರು ಹೋದರೆ ಹೆಬ್ಬಾಳ. 2018ರಲ್ಲಿ ಅಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆದಾಗ ಹೊರಬಿದ್ದ ಕಲ್ಲೊಂದು ಬೆಂಗಳೂರಿನಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಶಾಸನ ಎನಿಸಿಕೊಂಡಿದೆ. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಹೆಬ್ಬಾಳ ಆಗ ಪೆರ್ಬ್ಬೊಳಲು, ಅದರ ಸುತ್ತ ‘ಪೆರ್ಬ್ಬೊಳಲ್ನಾಡು ಮೂವತ್ತು’ ಎಂಬ ಹಳ್ಳಿಗಳ ಗುಂಪು. ರಟ್ಟವಾಡಿಯವರು ದಾಳಿ ಬಂದಾಗ ಕಿಟ್ಟಯ್ಯ ಎಂಬವನು ಕಾದಿ ಸತ್ತ, ಅವನ ನೆನಪಿಗೆ ನಿಂತ ಕಲ್ಲು ಇದು. ಊರವರೂ ಶಾಸನದ ಹುಚ್ಚಿನವರೂ ಸೇರಿ ಈಗ ಅದಕ್ಕೊಂದು ಮಂಟಪ ಕಟ್ಟಿದ್ದಾರೆ. ಸಿಗ್ನಲ್ಲಿನಲ್ಲಿ ನಿಂತು ಫ್ಲೈಓವರಿಗೆ ಶಾಪ ಹಾಕುವ ನಮ್ಮಂಥವರಿಗೆ ಹೆಬ್ಬಾಳದ ನೆನಪು ಇಷ್ಟು ಹಿಂದಕ್ಕೆ ಹೋಗುತ್ತದೆಂದು ಹೊಳೆದಿರುವುದಿಲ್ಲ.

ಮೊದಮೊದಲ ವೀರಗಲ್ಲುಗಳಲ್ಲಿ ಒಂದೇ ಚಿತ್ರ: ಆಯುಧ ಹಿಡಿದ ಆಳು, ಸುತ್ತ ಒಂದಿಷ್ಟು ಸಾಲು ಬರಹ. ಮುಂದೆ ಕಲ್ಲು ಪಟ್ಟಿಪಟ್ಟಿಯಾಗಿ ಒಡೆದುಕೊಂಡಿತು. ಸಾಮಾನ್ಯವಾಗಿ ಮೂರು ಪಟ್ಟಿ, ಓದಬೇಕಾದ್ದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಅವನು ಸತ್ತ ಬಗೆ: ಬಾಣ, ಕತ್ತಿ, ಕುದುರೆ, ತುರುಗಳ್ಳರು ಹೊಡೆದುಕೊಂಡು ಹೋಗುತ್ತಿರುವ ದನ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಮೇಲಕ್ಕೆ ಹೋಗುತ್ತಾರೆ. ತುದಿಯಲ್ಲಿ ಕೈಲಾಸ, ಲಿಂಗ, ಪೂಜಾರಿ, ಪಕ್ಕದಲ್ಲಿ ಇವನು; ನೆತ್ತಿಯ ಮೇಲೆ ಸೂರ್ಯ ಚಂದ್ರ. ಪಟ್ಟಿಗಳ ನಡುವಿನ ಅಂಚಿನಲ್ಲಿ ಯಾರು, ಯಾವಾಗ, ಯಾವುದಕ್ಕೆ ಸತ್ತ, ಕಲ್ಲು ನಿಲ್ಲಿಸಿದವರು ಯಾರು ಎಂಬ ಬರಹ. ಮಲೆನಾಡಿನ ಕಡೆ ಬಳಪದ ಕಲ್ಲು ಸಿಗುವುದರಿಂದ ಅಲ್ಲಿನ ವೀರರಿಗೆ ಕಿವಿಯೋಲೆಯ ಕುಸುರಿಯವರೆಗೂ ಕೆತ್ತನೆ ಉಂಟು. ನಮ್ಮ ಬೆಂಗಳೂರಿನದು ಕಗ್ಗಲ್ಲು. ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಇಲ್ಲಿಯ ವೀರರು ಒರಟೊರಟಾಗಿ, ಮೂಗು ಬಾಯಿ ಸರಿಯಾಗಿ ಮೂಡದೆ ನಿಂತಿರುತ್ತಾರೆ. ನನಗೆ ಇವರೇ ಹೆಚ್ಚು ನಮ್ಮವರೆನಿಸುತ್ತಾರೆ.

ನಮ್ಮ ಸರ್ಕಲ್ಲಿನ ಫ್ಲೆಕ್ಸನ್ನು ಇದರ ಪಕ್ಕಕ್ಕಿಟ್ಟು ನೋಡಿ. ಪ್ರಿಂಟಿಂಗ್ ಅಂಗಡಿಯ ಹುಡುಗನ ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧವಿರುವ ಹಿನ್ನೆಲೆ: ನೀಲಿ ಆಕಾಶ, ಬಿಳಿ ಮೋಡ, ಮೋಡದ ನಡುವೆ ಹಾರ ಹಾಕಿದ ಫೋಟೊ. ಕಲ್ಲಿನ ಮೇಲಿನ ಎರಡು ಪಟ್ಟಿಗಳು ಹೀಗೆ ನಮಗೆ ಬಂದುಬಿಟ್ಟಿವೆ. ಸೂರ್ಯ ಚಂದ್ರರ ಜಾಗದಲ್ಲಿ ಎರಡು ದೀಪ. ಕೆಳಗಿನ ಪಟ್ಟಿ ಮಾತ್ರ ಬದಲಾಗಿದೆ. ಅವನು ಸತ್ತ ಬಗೆ ಇರಬೇಕಾದ ಕಡೆ ಶ್ರದ್ಧಾಂಜಲಿ ಕೋರುವವರ ಸಾಲು ಸಾಲು ಮುಖಗಳು, ಕೂಲಿಂಗ್ ಗ್ಲಾಸು, ಕೈಮುಗಿದ ಭಂಗಿ. ಕೊಲೆಯಾದವರ ಫ್ಲೆಕ್ಸಿನಲ್ಲೂ ಕೊಲೆಯ ಸುಳಿವು ಸಿಗುವುದಿಲ್ಲ. ‘ಅಕಾಲಿಕ’ ಎಂಬ ಒಂದೇ ಪದದಲ್ಲಿ ಮುಗಿಯುತ್ತದೆ. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿದ ಮೇಲೆ ಬಿಬಿಎಂಪಿ ಫ್ಲೆಕ್ಸುಗಳನ್ನು ನಿಷೇಧಿಸಿತು. ಹುಟ್ಟುಹಬ್ಬದ ಫ್ಲೆಕ್ಸನ್ನು ಕಿತ್ತು ಹಾಕುವ ಕೈ ಸತ್ತವರ ಫ್ಲೆಕ್ಸಿನ ಮುಂದೆ ಇಂದಿಗೂ ಸ್ವಲ್ಪ ಹಿಂಜರಿಯುತ್ತದೆ.

ಬೆಂಗಳೂರು ಎಂಬ ಹೆಸರು ಮೊದಲ ಬಾರಿಗೆ ಬರಹದಲ್ಲಿ ಕಾಣಿಸಿಕೊಳ್ಳುವುದೂ ಇಂಥದ್ದೇ ಒಂದು ಕಲ್ಲಿನ ಮೇಲೆ. ಊರಿನ ದಕ್ಷಿಣಕ್ಕೆ ಬೇಗೂರಿನ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನ. ಅದರಲ್ಲಿ ಬರುವುದು ‘ಬೆಂಗಳೂರ ಕಾಳೆಗ’, ಆ ಕಾಳೆಗದಲ್ಲಿ ಆದ ಸಾವು. ಅಲ್ಲಿ ಬರುವ ಒಂದು ಹೆಸರು ಗಂಗರ ಕೈಕೆಳಗಿನ ನಾಗತ್ತರನ ಮನೆಗೆ ಸೇರಿದ ಪೆರ್ವೊಣಸೆಟ್ಟಿಯದು. ಸೆಟ್ಟಿ ಎಂದೊಡನೆ ತಕ್ಕಡಿ ಹಿಡಿದು ಕೂತವನೆಂದು ಭಾವಿಸಬಾರದು. ಆ ಕಾಲಕ್ಕೆ ಅದೊಂದು ಮನ್ನಣೆಯ ಹೆಸರು, ಕತ್ತಿ ಹಿಡಿದವರಿಗೂ ಇತ್ತು. ವ್ಯಾಪಾರವೂ ಕತ್ತಿಯಿಂದ ದೂರವಿರಲಿಲ್ಲ. ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಕೂಟದವರು ತಮ್ಮನ್ನು ವೀರಬಣಂಜಿಗರೆಂದು ಕರೆದುಕೊಂಡರು, ಸರಕಿನ ಜೊತೆ ಕಾವಲಿನ ಆಳುಗಳನ್ನೂ ಕರೆದೊಯ್ದರು. ದಾರಿಯಲ್ಲಿ ಕಳ್ಳರೊಡನೆ ಕಾದಿ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳು ಕರ್ನಾಟಕದ ಉದ್ದಕ್ಕೂ ಸಿಗುತ್ತವೆ. ಏನೇ ಇರಲಿ, ಕೋಟಿ ಜನ ದಾಟಿದ ಈ ನಗರದ ಹೆಸರು ನಮಗೆ ಮೊದಲು ಸಿಕ್ಕಿದ್ದು ಸಾವಿನ ಲೆಕ್ಕದಲ್ಲಿ.

ಕಲ್ಲಿಗಿಂತ ದೊಡ್ಡ ವಿಷಯ ಕಲ್ಲಿನ ಜೊತೆ ಬರುತ್ತಿದ್ದ ಭೂಮಿ. ಕಾದಿ ಸತ್ತವನ ಮನೆಯವರಿಗೆ ಬಿಡುತ್ತಿದ್ದ ನೆಲಕ್ಕೆ ಶಾಸನಗಳು ‘ನೆತ್ತರು ಕೊಡಿಗೆ’ ಎನ್ನುತ್ತವೆ. ಬಾಳ್ಗಚ್ಚು, ಕಲ್ನಾಡು ಎಂಬ ಹೆಸರುಗಳೂ ಉಂಟು. ಕೆರೆ ಕಟ್ಟಿದವನಿಗೆ, ಏರಿ ಕಾಯುವವನಿಗೆ ಬಿಟ್ಟದ್ದು ಕಟ್ಟುಕೊಡಿಗೆ. ಕೊಡಿಗೇಹಳ್ಳಿ ಎಂಬ ಹೆಸರಿನ ಊರುಗಳು ಹಳೆ ಮೈಸೂರು ಸೀಮೆಯಲ್ಲಿ ಹಲವು. ಬಸ್ಸಿನ ಬೋರ್ಡಿನಲ್ಲಿ ದಿನಾ ಓದುವ ಹೆಸರೊಳಗೆ ಆ ಹಳೆಯ ಮಾತು ಕೂತಿದೆ. ಬೇಗೂರಿನ ಇನ್ನೊಂದು ಕಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಸತ್ತ ಮೇಲೆ ಗಂಗರ ಎರೆಯಪ್ಪ ಅವನ ಪಟ್ಟವನ್ನು ಇರುಗ ಎಂಬವನಿಗೆ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಹನ್ನೆರಡೂ ಹಳ್ಳಿಗಳ ಹೆಸರನ್ನು ಒಂದೊಂದಾಗಿ ಕೆತ್ತಿದ್ದಾರೆ. ನಾಳೆ ಯಾರೂ ಇಲ್ಲವೆನ್ನಬಾರದಲ್ಲ.

ಅದೇ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲೂ ಇದೆ. ಸುಮಾರು 950ರದು. ಮಣಲೇರನೆಂಬ ವೀರನ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಿತು, ಎರಡೂ ಸತ್ತವು, ನಾಯಿಗೆ ಕಲ್ಲು ನಿಂತಿತು. ಪೂಜೆಗೆ ಭೂಮಿ ಬಿಟ್ಟರು. ಅದನ್ನು ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂಬ ಎಚ್ಚರಿಕೆಯೂ ಅಲ್ಲಿದೆ. ಪಾಪದ ಹೆದರಿಕೆಯಿಲ್ಲದೆ ದತ್ತಿ ನಡೆಯುವುದಿಲ್ಲವೆಂದು ಆಗಲೇ ಗೊತ್ತಿತ್ತು.

ನಮ್ಮ ಕಾಲದ ನೆತ್ತರು ಕೊಡಿಗೆಗೆ ‘ಪರಿಹಾರ’ ಎಂದು ಹೆಸರು. ಬೆಳ್ಳಾರೆಯ ಮನೆಗೆ ಸರ್ಕಾರದ 25 ಲಕ್ಷ ರೂಪಾಯಿ 2022ರಲ್ಲೇ ಸಿಕ್ಕಿತು. ಕಾಟಿಪಳ್ಳದ ಮನೆಗೆ ಅಷ್ಟೇ ಮೊತ್ತ ಬಂದದ್ದು 2023ರ ಜೂನಿನಲ್ಲಿ, ಸರ್ಕಾರ ಬದಲಾದ ಮೇಲೆ, ಕೋಮುಗಲಭೆಯ ಕೊಲೆಗಳಲ್ಲಿ ಮನೆಯವರನ್ನು ಕಳೆದುಕೊಂಡ ಇತರ ಕುಟುಂಬಗಳ ಜೊತೆಗೆ. ಗಂಗರ ಕಾಲದಲ್ಲಿ ಎಲ್ಲರಿಗೂ ನ್ಯಾಯ ಸಿಗುತ್ತಿತ್ತೆಂದು ನಂಬುವಷ್ಟು ನಾನು ಮುಗ್ಧನಲ್ಲ. ಆದರೂ ಸತ್ತವನು ಯಾರ ಕಡೆಯವನೆಂದು ನೋಡಿ ಅವನ ಮಕ್ಕಳ ಅನ್ನದ ಮುಹೂರ್ತ ನಿಶ್ಚಯವಾಗುವುದನ್ನು ಕಂಡರೆ ಎದೆಗೆ ಕಲ್ಲು ತಾಗಿದಂತೆ ಆಗುತ್ತದೆ.

ವೀರಗಲ್ಲಿನ ಮೇಲೆ ನನಗೊಂದು ತಕರಾರೂ ಇದೆ. ಅದು ಹೋರಾಡಿದವನಿಗೆ ಮಾತ್ರ ನಿಲ್ಲುತ್ತದೆ. ದನ ಬಿಡಿಸಿದವನು, ಊರಳಿವಿನಲ್ಲಿ ಕಾದಿದವನು, ಹೆಂಗಸರ ಮಾನ ಕಾಯಲು ಹೋದವನು, ಹುಲಿ ಹಂದಿಗಳನ್ನು ಇರಿದವನು, ಒಡೆಯನಿಗೆ ಕೊಟ್ಟ ಮಾತಿಗಾಗಿ ತಲೆ ಕೊಟ್ಟವನು. ಗಂಡನ ಚಿತೆ ಏರಿದ ಹೆಂಡತಿಗೂ ಕಲ್ಲು ಉಂಟು, ಬಳೆ ತೊಟ್ಟು ಮೇಲೆತ್ತಿದ ಕೈಯಿರುವ ಮಾಸ್ತಿಗಲ್ಲು. ಕಾಲು ಕೆಜಿ ತೊಗರಿಬೇಳೆ ಪೊಟ್ಟಣ ಕಟ್ಟುತ್ತಾ, ಬಂದವನನ್ನು ಗಿರಾಕಿ ಎಂದುಕೊಂಡು ತಲೆಯೆತ್ತಿದವನಿಗೆ ಯಾವ ಕಲ್ಲು? ಅವನ ಕೈಯಲ್ಲಿದ್ದದ್ದು ದಾರದ ಉಂಡೆ. ಅಂಥವರ ಸಾವನ್ನು ಕೆತ್ತುವ ರೂಪವನ್ನು ಹಳಬರು ನಮಗೆ ಬಿಟ್ಟುಹೋಗಿಲ್ಲ. ಹಾಗಾಗಿಯೇ ಊರು ತನಗೆ ತೋಚಿದಂತೆ ಮಾಡುತ್ತದೆ. ಕೂತಿದ್ದ ಸ್ಟೂಲಿನ ಮೇಲೆ ಫೋಟೊ ಇಡುತ್ತದೆ, ‘ಇಂದು ನಗದು, ನಾಳೆ ಉದ್ರಿ’ ಬೋರ್ಡನ್ನು ತೆಗೆಯದೆ ಬಿಡುತ್ತದೆ, ಒಂಬೈನೂರು ಚಿಲ್ಲರೆಯನ್ನು ತಾನಾಗಿ ತಂದು ಕೊಡುತ್ತದೆ. ಕೊಡಿಗೆ ಎಂದರೆ ಕೊಟ್ಟದ್ದು, ಅಷ್ಟೇ.

ಕಲ್ಲುಗಳ ಬಗ್ಗೆ ಕುತೂಹಲ ಹುಟ್ಟಿದವರಿಗೆ ದಾರಿಗಳಿವೆ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೇ ಸಂಪುಟ ಬೆಂಗಳೂರು ಜಿಲ್ಲೆಯದು. ಆರ್. ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’ ಈ ವಿಷಯಕ್ಕೆಂದೇ ಬಂದ ದೊಡ್ಡ ಪುಸ್ತಕ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಕಲ್ಲು ಚರಂಡಿಗೆ ಹೋದರೂ ಅಕ್ಷರ ಉಳಿಯಲೆಂಬ ಲೆಕ್ಕ. ಬಟ್ಟೆ ಒಗೆಯುವ ಹಾಸಾಗಿ, ಮೋರಿಯ ಮುಚ್ಚಳವಾಗಿ, ಕಾಂಪೌಂಡಿನ ಪಾಯವಾಗಿ ಹೋದ ಕಲ್ಲುಗಳು ಈ ಊರಿನಲ್ಲಿ ಕಡಿಮೆಯೇನಿಲ್ಲ.

ಹೆಬ್ಬಾಳದ ಕಲ್ಲು ನೋಡಲು ಹೋಗುವುದಾದರೆ ಮೊಬೈಲಿನ ಟಾರ್ಚು ಹಾಕಿ, ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿಗೆ ಕಗ್ಗಲ್ಲು ಬರೀ ಕಲ್ಲಾಗಿ ಕಾಣುತ್ತದೆ. ಓರೆ ಬೆಳಕು ಬಿದ್ದಾಗ ಗೀರುಗಳಲ್ಲಿ ನೆರಳು ತುಂಬಿ, ಸಾವಿರದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷದ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಪೂರ್ತಿ ಓದಲು ಆಗದಿದ್ದರೂ ಪರವಾಗಿಲ್ಲ. ಹೆಸರು ಎಲ್ಲಿದೆಯೆಂದು ಹುಡುಕಿ.