ತಂದೆಯ ನೌಕರಿ, ಮಕ್ಕಳ ನೌಕರಿ

“ಹತ್ತು ವರ್ಷದಲ್ಲಿ ನಾಲ್ಕು ಕಂಪೆನಿ! ಎಲ್ಲಿಯೂ ನೆಲೆನಿಲ್ಲುವ ಬುದ್ಧಿಯಿಲ್ಲ.” ನಿವೃತ್ತ ತಂದೆಯೊಬ್ಬರು ಮಗನ ವಿಷಯವಾಗಿ ಹೀಗೆನ್ನುವುದನ್ನು ನೀವು ಕೇಳಿರಬಹುದು, ಪ್ರಾಯಶಃ ನಿಮ್ಮ ಮನೆಯಲ್ಲಿಯೇ. ಮಗನೂ ಸುಮ್ಮನಿರುವುದಿಲ್ಲ. “ಒಂದೇ ಕಡೆ ಮೂವತ್ತು ವರ್ಷ ಅದು ಹೇಗಿದ್ದಿರಪ್ಪಾ?” ಎನ್ನುತ್ತಾನೆ. ಇದನ್ನು ಸ್ವಭಾವದ ಭೇದವೆಂದು ತಿಳಿಯುವುದು ವಾಡಿಕೆ. ಆದರೆ ಸ್ವಭಾವಕ್ಕೆ ಮೊದಲು ನೌಕರಿಯ ಕರಾರನ್ನು ನೋಡುವುದು ಲೇಸು.

ಬೆಂಗಳೂರನ್ನೇ ತೆಗೆದುಕೊಳ್ಳಿ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಇಲ್ಲಿ ಹುಟ್ಟಿದವು. ಮಳೆಯನ್ನೇ ನಂಬಿದ ಮನೆಯಿಂದ ಬಂದ ಹುಡುಗನಿಗೆ ತಿಂಗಳು ತಿಂಗಳೂ ತಪ್ಪದ ಸಂಬಳವೇ ಒಂದು ಸೋಜಿಗ. ಜೊತೆಗೆ ಕ್ವಾರ್ಟರ್ಸು, ಕ್ಯಾಂಟೀನು, ಕಾರ್ಖಾನೆಯ ಬಸ್ಸು. ಹೆಣ್ಣು ಕೊಡುವವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಕೆಲಸ ಖಾಯಮ್ಮೋ, ಅಲ್ಲವೋ?

ಒಂದೇ ಕಡೆ ಉಳಿಯುವುದಕ್ಕೆ ಕಾನೂನಿನ ಬಹುಮಾನವೂ ಇತ್ತು. 1972ರ ಗ್ರಾಚ್ಯುಟಿ ಕಾಯಿದೆಯ ಲೆಕ್ಕವನ್ನು ಗಮನಿಸಿ. ಕನಿಷ್ಠ ಐದು ವರ್ಷ ಸೇವೆ ಮಾಡಿದವರಿಗೆ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ. ಅದೂ ಕೊನೆಯಲ್ಲಿ ಪಡೆದ ವೇತನದ ದರದಲ್ಲಿ. ಒಂದೇ ಕಡೆ 30 ವರ್ಷ ದುಡಿದವರಿಗೆ, ಮೇಲ್ಮಿತಿಗೆ ಒಳಪಟ್ಟು, 450 ದಿನದ ವೇತನ ಬರುತ್ತದೆ. ತಿಂಗಳಿಗೆ 26 ದಿನವೆಂದು ಹಿಡಿದರೆ ಇದು ಸುಮಾರು 17 ತಿಂಗಳ ಸಂಬಳ. ಅದೇ 30 ವರ್ಷವನ್ನು ಮೂರು ಮೂರು ವರ್ಷದಂತೆ ಹತ್ತು ಕಡೆ ಕಳೆದವರಿಗೆ ಬರುವುದು ಸೊನ್ನೆ! ತಂದೆಯವರ ನಿಷ್ಠೆ ಸುಳ್ಳೆಂದು ಇದರ ಅರ್ಥವಲ್ಲ. ಆ ನಿಷ್ಠೆಗೆ ಬೆಲೆಯಿತ್ತು, ಅಷ್ಟೆ.

ಮಗನ ಕರಾರು ಬೇರೆ. ಅವನ ಸಾಫ್ಟ್‌ವೇರ್ ಕಂಪೆನಿ ಕೊಳ್ಳುವುದು ಅವನ ಇಂದಿನ ವಿದ್ಯೆಯನ್ನು. ಆ ವಿದ್ಯೆ ಬಲು ಬೇಗ ಹಳತಾಗುತ್ತದೆ. ಇದ್ದಲ್ಲೇ ಇದ್ದವನಿಗೆ ಸಂಬಳ ಮೆಲ್ಲಮೆಲ್ಲನೆ ಏರಿದರೆ, ಹೊರಟವನಿಗೆ ಹೊಸ ಕಂಪೆನಿ ಒಮ್ಮೆಗೇ ಏರಿಸುವುದುಂಟು. ಪ್ರಾಜೆಕ್ಟು ಮುಗಿದು ಮುಂದಿನದು ಸಿಗದಿದ್ದರೆ ‘ಬೆಂಚಿನ ಮೇಲೆ’ ಕೂರಬೇಕು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲುವುದಕ್ಕಿಂತ ಇದು ಕಷ್ಟ. ಸರಕಾರವೂ ಈ ಓಡಾಟವನ್ನು ಒಪ್ಪಿಕೊಂಡಿದೆ: 2014ರಿಂದ ಭವಿಷ್ಯನಿಧಿಗೆ ಒಂದೇ ಸಂಖ್ಯೆಯಿದ್ದು, ಅದು ನೌಕರನ ಹಿಂದೆಯೇ ಕಂಪೆನಿಯಿಂದ ಕಂಪೆನಿಗೆ ಹೋಗುತ್ತದೆ.

ಇನ್ನೊಂದು ಮಾತನ್ನು ಹಿರಿಯರು ಮರೆಯುವುದುಂಟು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದೊಡನೆ ಎಚ್.ಎಂ.ಟಿ.ಯ ಕೈಗಡಿಯಾರದ ಕಾರ್ಖಾನೆ ಬೆಂಗಳೂರಿನಲ್ಲಿ ಬಂದಿತು. 2016ರ ಜನವರಿಯಲ್ಲಿ ಆ ಗಡಿಯಾರದ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರ ತೀರ್ಮಾನಿಸಿತು. ಅದಕ್ಕೂ ಎಷ್ಟೋ ಮೊದಲು, ಸಾರ್ವಜನಿಕ ಕಾರ್ಖಾನೆಗಳಲ್ಲಿ ‘ಸ್ವಯಂ ನಿವೃತ್ತಿ’ ಪಡೆದು ಅನೇಕರು ವಯಸ್ಸಿಗೆ ಮುಂಚೆಯೇ ಮನೆಗೆ ಬಂದಿದ್ದರು. ಮಧ್ಯಾಹ್ನದ ಹೊತ್ತು ಮನೆಯಲ್ಲಿ ಕುಳಿತ ತಂದೆಯನ್ನು ಶಾಲೆಯಿಂದ ಬಂದ ಮಗು ನೋಡಿತ್ತು. ಖಾಯಂ ಎಂಬ ಮಾತಿನ ಮೇಲಿನ ಅಪನಂಬಿಕೆಯನ್ನು ಈ ಮಕ್ಕಳು ಹೊರಗಿನಿಂದ ತಂದುದಲ್ಲ. ತಂದೆಯ ಮನೆಯಲ್ಲಿಯೇ ಕಲಿತರು.

ದುಡಿಮೆಯಲ್ಲಿ ಮಗ ಹಿಂದೆಂದೂ ಹೇಳಲಾಗದು. ಪಾಳಿ ಮುಗಿದ ಸೈರನ್ ಕೂಗಿದರೆ ತಂದೆಯ ಕೆಲಸ ಗೇಟಿನೊಳಗೇ ಉಳಿಯುತ್ತಿತ್ತು. ಮಗನದು ಊಟದ ತಟ್ಟೆಯ ಪಕ್ಕಕ್ಕೂ ಬಂದು ಕೂರುತ್ತದೆ. ಅಮೆರಿಕದಲ್ಲಿ ಬೆಳಗಾದಾಗ ಇಲ್ಲಿ ಅವನ ಫೋನು ಕೂಗುತ್ತದೆ.

ಆದರೂ ಹಿರಿಯರ ಹಳೆಯ ಲೆಕ್ಕ ಕೆಲಸಕ್ಕೆ ಬಾರದೆ ಹೋಗಿಲ್ಲ. 2025ರ ನವೆಂಬರಿನಲ್ಲಿ ಜಾರಿಯಾದ ಹೊಸ ಕಾರ್ಮಿಕ ಸಂಹಿತೆ, ನಿಗದಿತ ಅವಧಿಯ ನೌಕರರಿಗೆ ಗ್ರಾಚ್ಯುಟಿಯ ಗಡುವನ್ನು ಒಂದು ವರ್ಷಕ್ಕೆ ಇಳಿಸಿದೆ; ಖಾಯಂ ನೌಕರರಿಗೆ ಐದು ವರ್ಷ ಹಾಗೆಯೇ ಇದೆ. ಆದುದರಿಂದ ಮುಂದಿನ ಸಲ ಮಗನೋ ಮಗಳೋ ಹೊಸ ಕಂಪೆನಿಯ ಪತ್ರ ತಂದು ತೋರಿಸಿದಾಗ, “ಮತ್ತೆ ಬಿಡುತ್ತೀಯಾ?” ಎಂದು ಕೇಳಬೇಡಿ. “ಐದು ವರ್ಷ ತುಂಬಲು ಇನ್ನೆಷ್ಟು ತಿಂಗಳಿದೆ?” ಎಂದು ಕೇಳಿ. ಬಹುಮಟ್ಟಿಗೆ ಅವರು ಅದನ್ನು ಎಣಿಸಿರುವುದಿಲ್ಲ.